ಕೆಂಪು ಧೂಳಿನ ಊರಲ್ಲಿ ಮಾಮನ ಕರಿ ಕಾರು

ನಮ್ಮ ಮಾಮನಿಗೆ ಹುಚ್ಚು ಹಿಡಿದಿದೆ ಎಂದು ಹೊಸಪೇಟೆಯಲ್ಲಿ ಬಹಳ ಜನ ಹೇಳುತ್ತಿದ್ದರು. ನಾನು ಮಾತ್ರ ಅದನ್ನು ಒಪ್ಪುವುದಿಲ್ಲ. ಹುಚ್ಚು ಹಿಡಿಯಬೇಕಾದರೆ ಅದು ಎಲ್ಲಿಂದಲೋ ಬರಬೇಕು, ಮನುಷ್ಯ ತಪ್ಪಿಸಿಕೊಂಡು ಓಡಬೇಕು, ಅದು ಬೆನ್ನಟ್ಟಿ ಹಿಡಿಯಬೇಕು. ನಮ್ಮ ಮಾಮನ ವಿಷಯದಲ್ಲಿ ಅಂಥದ್ದೇನೂ ನಡೆಯಲಿಲ್ಲ. ಅವನೇ ಟ್ರ್ಯಾಕ್ಟರ್ ತೆಗೆದುಕೊಂಡು ಸಂಡೂರಿಗೆ ಹೋಗಿ, ಅದನ್ನು ಟ್ರೇಲರಿನ ಮೇಲೆ ಏರಿಸಿ, ಹಗ್ಗದಿಂದ ಬಿಗಿದು ಮನೆಗೆ ತಂದ!

ಆ ಹುಚ್ಚಿಗೆ ನಾಲ್ಕು ಗಾಲಿ, ಎರಡೇ ಸೀಟು. ಯಾವುದೋ ಕಾಲದ ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರು. ಮೂತಿ ಉದ್ದ, ಹಿಂಭಾಗ ಗಿಡ್ಡ, ತಲೆಯ ಮೇಲೆ ಸೂರೇ ಇಲ್ಲ. ಸಂಡೂರಿನಲ್ಲಿ ಹಿಂದೆಂದೋ ಗಣಿ ಇಂಜಿನಿಯರಾಗಿದ್ದವರೊಬ್ಬರ ಬಂಗಲೆಯನ್ನು ಅವರ ಮಕ್ಕಳು ಖಾಲಿ ಮಾಡುತ್ತಿದ್ದರಂತೆ. ಅಲ್ಲೊಂದು ಸಾಗವಾನಿ ಕಪಾಟು ಇದೆ, ನೋಡಿಕೊಂಡು ಬನ್ನಿ ಎಂದು ಅತ್ತೆ ಮಾಮನನ್ನು ಕಳಿಸಿದ್ದಳು. ಕಪಾಟಿನ ಬಾಗಿಲು ತೆಗೆಯುವ ಮುಂಚೆಯೇ ಹಿತ್ತಲಿನ ಬೇವಿನ ಮರದ ಕೆಳಗೆ ಈ ಕಾರು ಕಂಡಿತು. ಕಪಾಟು ಅಲ್ಲೇ ಉಳಿಯಿತು. ಅತ್ತೆ ಇವತ್ತಿಗೂ ಸೀರೆಗಳನ್ನು ಟ್ರಂಕಿನಲ್ಲೇ ಇಡುತ್ತಾಳೆ.

ಟ್ರ್ಯಾಕ್ಟರ್ ಮನೆ ಮುಂದೆ ನಿಂತಾಗ ಓಣಿಗೆ ಓಣಿಯೇ ಸೇರಿತು. ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ಟ್ರೇಲರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು.

"ಮ್ಯಾಲಿಂದು ಎಲ್ಲೈತ್ರಿ?"

"ಇದು ಇರೋದ ಹಿಂಗ," ಎಂದ ಮಾಮ.

"ಹಂಗಾರ ಅರ್ಧ ಕಾರಿಗೆ ಪೂರ್ತಿ ಟ್ರ್ಯಾಕ್ಟರ್ ಯಾಕ ಒಯ್ದಿದ್ರಿ?"

ಅಷ್ಟರಲ್ಲಿ ಸೀಟಿನ ಕೆಳಗಿಂದ ಒಂದು ಕೋಳಿ ಇಳಿದು ಬಂತು. ಸಂಡೂರಿನಿಂದ ಹೊಸಪೇಟೆಯವರೆಗೆ ಆ ಕಾರಿನಲ್ಲಿ ಸವಾರಿ ಮಾಡಿದ ಮೊದಲ ಪ್ರಾಣಿ ಅದು. ಮೂರು ಹೊತ್ತು ಲಿಂಗಪೂಜೆ ನಡೆಯುವ ಮನೆಯ ಪಡಸಾಲೆಯಲ್ಲಿ ಅದು ಗತ್ತಿನಿಂದ ಅಡ್ಡಾಡತೊಡಗಿದಾಗ ಅತ್ತೆ ಮಾಮನ ಕಡೆ ನೋಡಿದ ನೋಟವನ್ನು ನಾನು ಬರೆಯಲಾರೆ.

ಮಾಮ ಅಂದರೆ ನಮ್ಮ ಅವ್ವನ ತಮ್ಮ. ಕಂಪ್ಲಿಯಲ್ಲಿ ರೈಸ್ ಮಿಲ್ಲು, ಹೊಸಪೇಟೆಯಲ್ಲಿ ರಸ್ತೆಗೆ ಅಂಟಿಕೊಂಡ ಮನೆ. ಹಣೆ ತುಂಬ ವಿಭೂತಿ, ಬಿಳಿ ಅಂಗಿ, ಬಿಳಿ ಪಂಚೆ. ಬೀಡಿಯಿಲ್ಲ, ಇಸ್ಪೀಟಿಲ್ಲ. ಐವತ್ತು ದಾಟುವವರೆಗೆ ಯಾವ ಚಟವೂ ಇಲ್ಲದ ಮನುಷ್ಯನನ್ನು ನಂಬಬಾರದು ಎಂದು ನನಗೆ ತಿಳಿದದ್ದು ಆಮೇಲೆ. ನಾನಾಗ ಟಿ.ಬಿ. ಡ್ಯಾಮಿನ ಕ್ವಾರ್ಟರ್ಸಿನಲ್ಲಿದ್ದೆ, ನನ್ನ ಗಂಡ ಕಾಲುವೆ ಆಫೀಸಿನಲ್ಲಿ ಗುಮಾಸ್ತ. ಬೇಸರವಾದಾಗಲೆಲ್ಲ ಬಸ್ಸು ಹತ್ತಿ ಮಾಮನ ಮನೆಗೆ ಬರುತ್ತಿದ್ದೆ. ಕಾರು ಬಂದ ಮೇಲೆ ಬೇಸರ ಜಾಸ್ತಿಯೇ ಆಗತೊಡಗಿತು ಅನ್ನಿ.

ಅದು ಗಣಿಯ ಕಾಲ. ಸಂಡೂರಿನ ಗುಡ್ಡಗಳು ಲಾರಿ ಹತ್ತಿ ಬಂದರಿನ ಕಡೆಗೆ ಹೊರಟಿದ್ದವು. ಹೋಗುವಾಗ ಹೊಸಪೇಟೆಯ ಮನೆಮನೆಗೂ ಒಂದಿಷ್ಟು ಪ್ರಸಾದ ಹಂಚಿ ಹೋಗುತ್ತಿದ್ದವು. ಬೆಳಗ್ಗೆ ಒಣಹಾಕಿದ ಬಿಳಿ ಪಂಚೆ ಸಂಜೆಗೆ ಕಾವಿ! ಮಕ್ಕಳು ಮರಿ ಇದ್ದ ಸಂಸಾರಿಗಳೆಲ್ಲ ಸನ್ಯಾಸಿಗಳ ವೇಷದಲ್ಲಿ ತರಕಾರಿ ತರುತ್ತಿದ್ದರು. ಬಿಳಿ ನಾಯಿ, ಕಂದು ನಾಯಿ ಎಂಬ ಭೇದ ಅಳಿಸಿಹೋಗಿತ್ತು. ಹೊಸದಾಗಿ ದುಡ್ಡು ಕಂಡವರು ಮನೆಯಷ್ಟೆತ್ತರದ ಬಿಳಿ ಕಾರುಗಳನ್ನು ಕೊಂಡು, ಒರೆಸಲಿಕ್ಕೆ ಡ್ರೈವರುಗಳನ್ನು ಇಟ್ಟುಕೊಂಡಿದ್ದರು. ಇಂಥ ಊರಿಗೆ ಕಪ್ಪು ಕಾರನ್ನು ತಂದು, ಅದನ್ನು ಕಪ್ಪಾಗಿಯೇ ಇಡುತ್ತೇನೆ ಎಂದು ಹಟ ಹಿಡಿಯುವುದು ಇರುವೆ ಗೂಡಿನ ಮುಂದೆ ಬೆಲ್ಲ ಇಟ್ಟು ಕಾವಲು ಕೂತಂತೆ.

ಕಪ್ಪು ಅಂತ ಮಾಮ ಹೇಳಿದ್ದರಿಂದ ನಾವು ಕಪ್ಪು ಅನ್ನುತ್ತಿದ್ದೆವು. ನೋಡಿದವರ ಕಣ್ಣಿಗೆ ಅದು ಒಲೆಯಿಂದ ತೆಗೆದ ಬೂದಿ. ಎಷ್ಟೋ ವರ್ಷದ ಬಿಸಿಲಿಗೆ ಬಣ್ಣ ಬತ್ತಿ ಬೂಷ್ಟು ಹಿಡಿದಂತಾಗಿತ್ತು. ಅದರ ಮೇಲೆ ಬೇವಿನ ಅಂಟು, ಕೋಳಿಯ ಕಾಣಿಕೆ. ಇಂಜಿನ್ ಮಾತ್ರ ತೊಂದರೆಯೇ ಕೊಡಲಿಲ್ಲ. ಲಾರಿ ರಿಪೇರಿ ಮಾಡುವ ಮೇಸ್ತ್ರಿಯೊಬ್ಬ ಬಂದು, ಬಾನೆಟ್ ಎತ್ತಿ ನೋಡಿ, "ಮಿಕ್ಸಿಗಿಂತ ಸ್ವಲ್ಪ ದೊಡ್ಡದೈತಿ, ಅಷ್ಟ," ಎಂದು ಸರಿಮಾಡಿಕೊಟ್ಟು, ಹೋಗುವಾಗ ಆ ಕೋಳಿಯನ್ನೂ ತೆಗೆದುಕೊಂಡು ಹೋದ.

ಪೇಂಟರನೂ ಬಂದ. ಉಗುರಿನಿಂದ ಗೀರಿ ನೋಡಿದ. "ಎಲ್ಲಾ ಕೆರದು ಹೊಸಾ ಬಣ್ಣ ಹೊಡದ್ರ ಮುಗೀತ್ರಿ. ಎರಡು ದಿನದ ಕೆಲಸ."

"ಹಳೇ ಬಣ್ಣ ಇನ್ನಾ ಸತ್ತಿಲ್ಲಪ್ಪ," ಎಂದ ಮಾಮ. "ಜೀವ ಇರೋದನ್ನ ಹ್ಯಾಂಗ ಕೆರೀತಿ?"

ಪೇಂಟರ ಅತ್ತೆಯ ಮುಖ ನೋಡಿದ. ಅತ್ತೆ ಅವನಿಗೆ ಚಹಾ ಕೊಟ್ಟು ಕಳಿಸಿದಳು.

ಮಾಮನ ಸಿದ್ಧಾಂತ ನೇರವಾಗಿ ರೈಸ್ ಮಿಲ್ಲಿನಿಂದ ಬಂದಿತ್ತು. ನನ್ನನ್ನು ಕೂರಿಸಿಕೊಂಡು ಪಾಠ ಹೇಳಿದ. "ಅಕ್ಕಿ ನೋಡವ್ವ. ಮ್ಯಾಲಿನ ತೌಡು ತಗದ್ರ ಒಳಗ ಬೆಳ್ಳಗೈತಿ. ಹಂಗ ಇದರ ಮ್ಯಾಲಿನ ಬೂದಿ ತಗದ್ರ ಒಳಗ ಕರ್ರಗೈತಿ. ಪಾಲಿಶ್ ಅಂದ್ರ ಪಾಲಿಶ್. ಅಕ್ಕಿಗಾದ್ರೇನು, ಕಾರಿಗಾದ್ರೇನು." ಜೀವನವಿಡೀ ಪಾಲಿಶ್ ಮಾಡಿ ಬೆಳ್ಳಗೆ ಮಾಡಿದವನಿಗೆ ಒಮ್ಮೆಯಾದರೂ ಪಾಲಿಶ್ ಮಾಡಿ ಕಪ್ಪಗೆ ಮಾಡಬೇಕು ಅನ್ನಿಸಿದರೆ ತಪ್ಪೇನು?

ಆದರೆ ಕಾರು ತಂದದ್ದಕ್ಕೆ ಇನ್ನೊಂದು ಕಾರಣವಿತ್ತು. ಅದನ್ನು ಹೇಳಬೇಕಾದರೆ ಹಂಪಿಯ ಮಾತು ಎತ್ತಬೇಕು. ಹಂಪಿ ನಮ್ಮ ಮಗ್ಗುಲಲ್ಲೇ ಇದೆ, ಆದ್ದರಿಂದಲೇ ನಾವು ಅಲ್ಲಿಗೆ ಹೋಗುವುದಿಲ್ಲ. ಹೊಸಪೇಟೆಯವರು ಹಂಪಿಗೆ ಹೋಗುವುದು ಪರವೂರಿನ ನೆಂಟರು ಬಂದಾಗ ಮಾತ್ರ. ಮಾಮನ ಮನೆಗೆ ನೆಂಟರಿಗೇನು ಬರವೇ? ರಜೆ ಬಂದರೆ ಸಾಕು, ಹೆಸರು ನೆನಪಿಲ್ಲದ ಬೀಗರೂ ಚೀಲ ಹಿಡಿದು ಇಳಿಯುತ್ತಿದ್ದರು. ಮಾಮ ಅವರನ್ನೆಲ್ಲ ಕರೆದುಕೊಂಡು ಹೋಗಿ ಕಮಲ ಮಹಲು, ಆನೆ ಲಾಯ, ಸಾಸಿವೆಕಾಳು ಗಣಪ ಎಲ್ಲ ತೋರಿಸಿಕೊಂಡು ಬರುತ್ತಿದ್ದ. ಕಣ್ಣು ಕಟ್ಟಿ ಬಿಟ್ಟರೂ ಯಾವ ಕಲ್ಲು ಎಡವಿದೆ ಎಂದು ಹೇಳಬಲ್ಲ. ಅತ್ತೆ? ಬಂಡೆಗಳ ನಡುವೆ ಸುತ್ತಿ ಬಂದವರಿಗೆ ಹಸಿವು ಜೋರಾಗಿರುತ್ತದಲ್ಲ. ಹೋಳಿಗೆ, ಎಣ್ಣೆಗಾಯಿ, ರೊಟ್ಟಿ ಮಾಡುತ್ತ ಅವಳು ಮನೆಯಲ್ಲೇ ಉಳಿಯುತ್ತಿದ್ದಳು. ಹೀಗಾಗಿ ಚೋರನೂರಿನಿಂದ ಮದುವೆಯಾಗಿ ಬಂದ ಅತ್ತೆ, ವಿರೂಪಾಕ್ಷನಿಗೆ ಒಮ್ಮೆ ಕಾಯಿ ಒಡೆಸಿಕೊಂಡು ಬಂದದ್ದು ಬಿಟ್ಟರೆ, ಇಷ್ಟು ವರ್ಷದಲ್ಲಿ ಹಂಪಿಯನ್ನು ನೋಡಿಯೇ ಇರಲಿಲ್ಲ!

ಇದು ಹೊರಬಿದ್ದದ್ದು ಒಂದು ಊಟದ ಪಂಕ್ತಿಯಲ್ಲಿ. ನೆಂಟರ ಪೈಕಿ ಒಬ್ಬಾಕೆ, "ಅಕ್ಕಾರ, ನಿಮಗ ಹಂಪ್ಯಾಗ ಯಾವುದು ಭಾಳ ಸೇರ್ತದ್ರಿ?" ಎಂದು ಕೇಳಿದಳು. ಅತ್ತೆ ತುಪ್ಪ ಬಡಿಸುತ್ತ, "ನಾ ನೋಡಿಲ್ಲವ್ವ," ಎಂದು ಮುಂದಿನ ಎಲೆಗೆ ಹೋದಳು. ಮಾಮನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಅವತ್ತಿನಿಂದ ಅವನಿಗೆ ಅದೊಂದು ಚುಚ್ಚುತ್ತಿತ್ತು. ಒಂದು ದಿನ ಬಸ್ಸಿನಲ್ಲಿ ಕರೆದುಕೊಂಡು ಹೋದರೆ ಮುಗಿಯುತ್ತಿತ್ತಲ್ಲ ಎಂದು ನೀವು ಕೇಳಬಹುದು. ಅಷ್ಟು ಸರಳವಾಗಿ ಯೋಚಿಸುವವನಾಗಿದ್ದರೆ ನಾನು ಅವನ ಬಗ್ಗೆ ಬರೆಯಲಿಕ್ಕೆ ಯಾಕೆ ಕೂರುತ್ತಿದ್ದೆ? ನೆಂಟರಿಗಾದರೆ ಬಸ್ಸು, ಜೀಪು ಎಲ್ಲ ನಡೆಯುತ್ತದೆ. ಹೆಂಡತಿಯನ್ನು ಇಷ್ಟು ತಡಮಾಡಿ ಕರೆದೊಯ್ಯುವಾಗ ಹಾಗೆ ಹೋಗುವುದು ಅವನಿಗೆ ಅವಮಾನ. ಇಬ್ಬರೇ ಕೂರುವ ಗಾಡಿ ಬೇಕು, ಮೂರನೆಯವನಿಗೆ ಜಾಗವೇ ಇರಬಾರದು. ಸಂಡೂರಿನ ಬೇವಿನ ಮರದ ಕೆಳಗೆ ಅವನು ಕಂಡದ್ದು ಅದನ್ನು.

"ಇದು ಮಿಂಚಿದ ದಿನ ನಿನ್ನ ಕುಂದ್ರಿಸಿಕೊಂಡು ಹಂಪಿಗೆ ಹೋಗ್ತೀನಿ," ಎಂದ ಅತ್ತೆಗೆ.

ಅತ್ತೆ ಬೂದಿ ಬಣ್ಣದ ಬಾಗಿಲನ್ನು ನೋಡಿ ನಕ್ಕಳು. "ಇದರ ಬಾಗಿಲದಾಗ ಮುಖ ನೋಡ್ಕೊಂಡು ನಾ ಕುಂಕುಮ ಹಚ್ಕೊಳ್ಳಂಗ ಆದಾಗ ಹೇಳ್ರಿ. ಅವತ್ತು ಹತ್ತತೀನಿ. ಅಲ್ಲೀತನಕ ಈ ಬೂದಿಗಾಡ್ಯಾಗ ನಾ ಬರಂಗಿಲ್ಲ."

ಅವಳು ಹೇಳಿದ್ದು ತಮಾಷೆಗೆ. ಮಾಮ ಕೇಳಿಸಿಕೊಂಡದ್ದು ಶಪಥದಂತೆ. ಮರುದಿನವೇ ಅವಳನ್ನು ಕಾರಿನ ಬಾಗಿಲ ಮುಂದೆ ಮಣೆಯ ಮೇಲೆ ಕೂರಿಸಿದ. ಕಾರು ಅಷ್ಟು ಗಿಡ್ಡ, ಮಣೆ ಹಾಕಿ ಕೂತರೆ ಮಾತ್ರ ಮುಖಕ್ಕೆ ಸರಿಹೋಗುತ್ತಿತ್ತು. ಅವಳ ಹಣೆ ಎಲ್ಲಿಗೆ ಬರುತ್ತದೋ ಅಲ್ಲಿ ಸುಣ್ಣದಿಂದ ಒಂದು ದುಂಡನೆಯ ಗುರುತು ಹಾಕಿದ. ಅಲ್ಲಿಂದ ನಮ್ಮ ಮನೆತನದಲ್ಲಿ ಹಿಂದೆ ಯಾರೂ ಮಾಡದ ತಪಸ್ಸು ಶುರುವಾಯಿತು.

ಮೊದಲು ನೀರಿನ ತಂಟೆ. ಬೋರಿನ ನೀರು ಒಣಗಿದರೆ ಬಿಳಿ ಕಲೆ ಉಳಿಯುತ್ತದೆ. ಕಾಲುವೆ ನೀರಿನಲ್ಲಿ ಮರಳು. ಮಳೆ ನೀರು ಹಿಡಿಯೋಣವೆಂದರೆ ಮಾಳಿಗೆಯ ಮೇಲೆ ಕೂತಿದ್ದ ಧೂಳೆಲ್ಲ ಕೊಡಕ್ಕಿಳಿದು ಸಾರಿನಂತಾಯಿತು. ಕೊನೆಗೆ ಕುಡಿಯುವ ನೀರಿನ ಕ್ಯಾನು ತರಿಸತೊಡಗಿದ. ಒಮ್ಮೆ ನಾನು ಬಿಸಿಲಲ್ಲಿ ಬಂದು ನೀರು ಕೇಳಿದರೆ ಅತ್ತೆ ಬೋರಿನ ನೀರು ಕೊಟ್ಟಳು. ಮೂಲೆಯಲ್ಲಿ ಕ್ಯಾನುಗಳ ಸಾಲೇ ಇತ್ತು. ನಾನು ಅದರ ಕಡೆ ನೋಡಿದೆ.

"ಅದು ಕಾರಿಂದವ್ವ," ಎಂದಳು ಅತ್ತೆ. "ನಾವು ಇದನ್ನ ಕುಡದ್ರ ಏನಾಗಂಗಿಲ್ಲ. ನಮಗೇನು ಕಲೆ ಬೀಳ್ತಾವೇನು?"

ಆಮೇಲೆ ತೌಡಿನ ಪ್ರಸಂಗ. ತೌಡಿನಲ್ಲಿ ಎಣ್ಣೆಯಿದೆ, ತರಿಯೂ ಇದೆ, ಬಣ್ಣಕ್ಕೆ ಇದಕ್ಕಿಂತ ಒಳ್ಳೆಯ ಔಷಧ ಉಂಟೇ ಎಂದು ಮಾಮ ಮಿಲ್ಲಿನಿಂದ ಒಂದು ಚೀಲ ತಂದ. ಎಣ್ಣೆಯಲ್ಲಿ ಕಲಸಿ, ಮದುಮಗಳಿಗೆ ಅರಿಶಿನ ಹಚ್ಚಿದಂತೆ ಕಾರಿಗೆಲ್ಲ ಮೆತ್ತಿ, ರಾತ್ರಿ ಹೀರಿಕೊಳ್ಳಲಿ ಎಂದು ಬಿಟ್ಟು ಮಲಗಿದ. ಬೆಳಗ್ಗೆ ಎದ್ದು ನೋಡಿದರೆ ಪಕ್ಕದ ಮನೆಯ ಎಮ್ಮೆ ಹಗ್ಗ ಕಿತ್ತುಕೊಂಡು ಬಂದು, ಕಣ್ಣು ಅರೆಮುಚ್ಚಿ ಬಾನೆಟ್ ನೆಕ್ಕುತ್ತ ನಿಂತಿದೆ! ಅರ್ಧ ಬಾನೆಟ್ ಮುಗಿಸಿತ್ತು. ಎಮ್ಮೆಯ ಯಜಮಾನ ಓಡಿಬಂದು ಕೈಮುಗಿದ. ಮಾಮ ಅವನನ್ನು ಸುಮ್ಮನಿರಿಸಿ, ಬಗ್ಗಿ ನೋಡಿದ. ಎಮ್ಮೆ ನೆಕ್ಕಿದ ಅರ್ಧ ತೆಳ್ಳಗೆ ಮಿರುಗುತ್ತಿತ್ತು. ಉಳಿದರ್ಧ ಅದೇ ಬೂದಿ.

"ನೋಡು, ನೋಡು," ಎಂದು ಅತ್ತೆಯನ್ನು ಕರೆದ. "ಜೀವ ಐತಿ ಅಂದಿದ್ನಿಲ್ಲೋ? ಎಮ್ಮಿಗೆ ತಿಳೀತು, ಪೇಂಟರಗ ತಿಳೀಲಿಲ್ಲ."

"ಹಂಗಾರ ಎಮ್ಮೀನ ಕರಕೊಂಡು ಹೋಗ್ರಿ ಹಂಪಿಗೆ," ಎಂದು ಅತ್ತೆ ಒಳಗೆ ಹೋದಳು.

ಹುಬ್ಬಳ್ಳಿಯಿಂದ ಸರಿಯಾದ ಪಾಲಿಶ್ ಡಬ್ಬಿಗಳು ಬಂದವು. ಹೊಸಪೇಟೆಯ ಧೂಳು ಬರೀ ಮಣ್ಣಲ್ಲ, ಕಬ್ಬಿಣ. ಒಣಗಿದ್ದಾಗ ಒರೆಸಿದರೆ ಗೀರು ಬೀಳುತ್ತದೆ. ಆದ್ದರಿಂದ ಮೊದಲು ನೀರು, ಆಮೇಲೆ ಒದ್ದೆ ಬಟ್ಟೆ, ಆಮೇಲೆ ಪಾಲಿಶ್, ಕೊನೆಗೆ ಮೇಣ. ಸಂಜೆ ಮುಗಿಸಿದ್ದು ಬೆಳಗ್ಗೆಗೆ ಮತ್ತೆ ಕೆಂಪು. ಮತ್ತೆ ಮೊದಲಿನಿಂದ. ತಿಕ್ಕಿದ ಬಟ್ಟೆ ಮಸಿಯಂತೆ ಕಪ್ಪಾಗುತ್ತಿತ್ತು. ಸತ್ತ ಪದರ ಕಿತ್ತು ಬರುತ್ತಿದೆ ಎಂದು ಮಾಮನಿಗೆ ಹಬ್ಬ. ಆ ಬಟ್ಟೆಯನ್ನು ಚೀಲದಲ್ಲಿಟ್ಟುಕೊಂಡು ಕಂಪ್ಲಿಗೆ ಒಯ್ದು, ಭತ್ತ ಮಾರಲು ಬಂದ ರೈತರಿಗೆಲ್ಲ ತೋರಿಸಿದನಂತೆ. ಅತ್ತೆಗೆ ಮಾತ್ರ ಅದು ಕಡಿಮೆ ಬೆಲೆಯ ಸೀರೆಯ ಲಕ್ಷಣವಾಗಿ ಕಂಡಿತು.

"ಬಣ್ಣ ಬಿಡಾಕತ್ತೈತಲ್ರಿ. ಕೊಟ್ಟವರು ಮೊದ್ಲ ಹೇಳಿದ್ದಿಲ್ಲೇನು?"

ಸೀರೆ ಅಂದಾಗ ನೆನಪಾಯಿತು. ಆ ಬಣ್ಣಕ್ಕೆ ಹೊಸ ಬಟ್ಟೆ ಆಗುವುದಿಲ್ಲ. ಒಗೆದು ಒಗೆದು ಮೆತ್ತಗಾದ ಹತ್ತಿ ಸೀರೆಯೇ ಬೇಕು. ಅತ್ತೆಯ ಟ್ರಂಕಿನಲ್ಲಿದ್ದ ಹಳೆಯ ಸೀರೆಗಳು ಒಂದೊಂದಾಗಿ ಕಾಣೆಯಾದವು. ಆಮೇಲೆ ನನ್ನವು. ಆಮೇಲೆ ಮಾಮನ ದೃಷ್ಟಿ ಊರವರ ಸೀರೆಗಳ ಮೇಲೆ ಬಿತ್ತು. ಕೆಟ್ಟ ದೃಷ್ಟಿಯಲ್ಲ, ಅದಕ್ಕಿಂತ ಅಪಾಯದ್ದು. ಕಂಪ್ಲಿಯಲ್ಲೊಂದು ಮದುವೆ. ಊಟದ ಪಂಕ್ತಿಯಲ್ಲಿ ಎದುರಿಗೆ ವರನ ಕಡೆಯ ಹೆಣ್ಣುಮಗಳೊಬ್ಬಳು ಕೂತಿದ್ದಳು. ಹಳೆಯ ಹತ್ತಿ ಸೀರೆ ಉಟ್ಟಿದ್ದಳು. ಮಾಮ ಹೋಳಿಗೆ ಬಿಟ್ಟು ಅದನ್ನೇ ನೋಡುತ್ತಿದ್ದ. ಕೊನೆಗೆ ತಡೆಯಲಾಗಲಿಲ್ಲ.

"ತಂಗೀ, ಸೀರಿ ಭಾಳ ಮೆತ್ತಗೈತಿ. ಹರದ ಮ್ಯಾಲೆ ನಮಗೊಂದು ಮಾತು ಹೇಳಿ ಕಳಸವ್ವ."

ಪಂಕ್ತಿಯಲ್ಲಿ ಸಾರು ಸುರಿಯುವ ಸದ್ದೂ ನಿಂತಿತು. ಅತ್ತೆ ಸಾವರಿಸಿಕೊಂಡು, "ತಪ್ಪು ತಿಳೀಬ್ಯಾಡವ್ವ. ಅವರು ಕಾರಿಗೆ ಕೇಳಾಕತ್ತಾರ," ಎಂದಳು.

ಆ ಹೆಂಗಸು ತನ್ನ ಸೆರಗನ್ನೊಮ್ಮೆ ನೋಡಿಕೊಂಡು, "ನಿಮ್ಮ ಕಡೆ ಕಾರಿಗೂ ಸೀರಿ ಉಡಸ್ತೀರೇನ್ರಿ?" ಎಂದು ಕೇಳಿದಳು.

ಆದರೂ ದೊಡ್ಡ ಮನಸ್ಸು. ವಾರದೊಳಗೆ ಮಿಲ್ಲಿನ ಹುಡುಗನ ಕೈಯಲ್ಲಿ ಅದೇ ಸೀರೆ ಒಗೆದು ಮಡಿಸಿ ಕಳಿಸಿದ್ದಳು. ಅತ್ತೆ ಅದನ್ನು ಕಾರಿಗೆ ಕೊಡಲಿಲ್ಲ. ಹೊಸ ಸೀರೆಯಂತೆ ಮಡಿಕೆ ಬಿಚ್ಚಿ ತಾನೇ ಉಟ್ಟಳು.

ಕಾರು ಕಪ್ಪಗಾಗುತ್ತಿದೆ ಎಂಬ ಸುದ್ದಿ ತೋರಣಗಲ್ಲಿನವರೆಗೂ ಹೋಯಿತು. ಒಂದು ಮಧ್ಯಾಹ್ನ ಆ ಕಡೆ ಲಾರಿ ಓಡಿಸುವ ಒಬ್ಬ ದೊಡ್ಡ ಕುಳ ಬಿಳಿ ಕಾರಿನಲ್ಲಿ ಬಂದಿಳಿದ. ಹತ್ತು ಬೆರಳಿಗೂ ಉಂಗುರ, ಕೊರಳಲ್ಲಿ ನಾಯಿ ಕಟ್ಟುವಷ್ಟು ದಪ್ಪ ಸರ. "ಏನ್ರಿ ಸಾಹುಕಾರ್ರ, ಇದನ್ನ ನಮಗ ಕೊಟ್ಟುಬಿಡ್ರಿ. ನೀವು ಹೇಳಿದ್ದ ರೇಟು," ಎನ್ನುತ್ತ ಬಾನೆಟ್ ಮೇಲೆ ಕೈಯಿಡಲು ಹೋದ. ಮಾಮ ಅಡ್ಡ ನಿಂತ.

"ಮುಟ್ಟಬೇಕಂದ್ರ ಉಂಗುರ ತಗೀಬೇಕಪ್ಪ. ಗೀರು ಬೀಳ್ತಾವು."

ಅವನು ನಗುತ್ತಲೇ ಒಪ್ಪಿದ. ಒಂದು ಉಂಗುರ ಬಂತು, ಎರಡು ಬಂತು. ಮೂರನೆಯದು ಬರಲೊಲ್ಲದು. ದುಡ್ಡಿನ ಜ್ವರ ಏರಿದ ಮೇಲೆ ಬೆರಳೂ ದಪ್ಪಗಾಗಿತ್ತಲ್ಲ! ಅತ್ತೆ ಸೋಪು ಕೊಟ್ಟಳು, ಆಮೇಲೆ ಕೊಬ್ಬರಿ ಎಣ್ಣೆ ಕೊಟ್ಟಳು. ಅವನು ಕಟ್ಟೆಯ ಮೇಲೆ ಕೂತು ಬೆವರು ಸುರಿಸುತ್ತ ಬೆರಳು ತಿರುವಿದ. ಯಾವ ಗುರುವೋ ಯಾವ ಗ್ರಹಕ್ಕೋ ಹಾಕಿಸಿಕೊಟ್ಟದ್ದಂತೆ, ತೆಗೆಯಬಾರದಂತೆ ಎಂದು ಅಷ್ಟು ಹೊತ್ತಿಗೆ ನೆನಪಾಯಿತು. ತೆಗೆದ ಎರಡನ್ನೂ ಗಾಬರಿಯಿಂದ ಮತ್ತೆ ಏರಿಸಿಕೊಂಡು, ರೇಟಿನ ಮಾತು ಮರೆತು ಹೊರಟೇಹೋದ.

ಹೀಗೆ ಬೇಸಿಗೆ ಹೋಗಿ ಮಳೆಗಾಲ ಹೋಗಿ ನವರಾತ್ರಿ ಬಂತು. ಮಾಮ ಹಂಪಿಗೆ ಆರಿಸಿದ್ದು ಆಯುಧ ಪೂಜೆಯ ದಿನವನ್ನು. ಅವನ ಲೆಕ್ಕ ಮೆಚ್ಚಲೇಬೇಕು. ವರ್ಷದಲ್ಲಿ ಅದೊಂದು ದಿನ ಲಾರಿಗಳೆಲ್ಲ ಮೈತೊಳೆದುಕೊಂಡು, ಬಾಳೆಕಂದು ಕಟ್ಟಿಕೊಂಡು, ಪೂಜೆಗೆ ಸುಮ್ಮನೆ ನಿಲ್ಲುತ್ತವೆ. ರಸ್ತೆಯಲ್ಲಿ ಧೂಳು ಏಳುವುದಿಲ್ಲ. ಕರಿ ಕಾರು ಕರಿಯಾಗಿಯೇ ಹಂಪಿ ಮುಟ್ಟಬಹುದಾದ ದಿನ ಅದೊಂದೇ.

ಹಿಂದಿನ ದಿನ ನಾನೇ ಬಂದು ನೋಡಿ ದಂಗಾದೆ. ಬಾನೆಟ್ಟಿನಲ್ಲಿ ಕರೆಂಟಿನ ಕಂಬ ಕಾಣುತ್ತಿತ್ತು, ತಂತಿ ಕಾಣುತ್ತಿತ್ತು, ತಂತಿಯ ಮೇಲೆ ಕೂತ ಕಾಗೆ ಕೊಕ್ಕು ತಿಕ್ಕುವುದೂ ಕಾಣುತ್ತಿತ್ತು. ಅಷ್ಟು ಆಳವಾದ ಕಪ್ಪನ್ನು ನಾನು ಬಾವಿಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿಲ್ಲ. ನಕ್ಕವರೆಲ್ಲ ಬಂದು ಮುಖ ನೋಡಿಕೊಂಡು ಕ್ರಾಪು ತೀಡಿಕೊಂಡು ಹೋದರು. ಆದರೂ ಮಾಮನಿಗೆ ಸಮಾಧಾನವಿಲ್ಲ. ಬಾಗಿಲ ಮೇಲೆ ಅತ್ತೆಯ ಹಣೆ ಬರುವ ಆ ಜಾಗವನ್ನು ಮಾತ್ರ ಬಿಡದೆ ತಿಕ್ಕುತ್ತಿದ್ದ. ಊಟಕ್ಕೆ ಕೂರುವ ಮುಂಚೆ ಒಂದು ಸುತ್ತು, ಎದ್ದು ಕೈತೊಳೆದ ಮೇಲೆ ಒಂದು ಸುತ್ತು. ಬೇರೆ ಕಡೆ ಹೇಗಾದರೂ ಇರಲಿ, ಅಲ್ಲಿ ಕನ್ನಡಿಯಾಗಬೇಕು.

ಹಬ್ಬದ ಬೆಳಗ್ಗೆ ಅತ್ತೆ ತಲೆಗೆ ಎರೆದುಕೊಂಡು, ಇಳಕಲ್ ಸೀರೆ ಉಟ್ಟು, ಮಲ್ಲಿಗೆ ಮುಡಿದು ಸಿದ್ಧಳಾದಳು. ಹಣೆಗೆ ವಿಭೂತಿ ಮಾತ್ರ ಹಚ್ಚಿಕೊಂಡು ಕುಂಕುಮದ ಭರಣಿಯನ್ನು ಕೈಯಲ್ಲಿ ಹಿಡಿದಿದ್ದಳು. ಮುತ್ತೈದೆ ಹಬ್ಬದ ದಿನ ಬರಿಹಣೆಯಲ್ಲಿ ಹೊರಗೆ ಬಂದದ್ದು ನೋಡಿ ಪಕ್ಕದ ಮನೆಯ ಅಜ್ಜಿ ನಾಲಿಗೆ ಕಚ್ಚಿಕೊಂಡಳು. ಅತ್ತೆಗೆ ನಾಚಿಕೆ, ಆದರೆ ಒಳಗೊಳಗೇ ಖುಷಿ. ಅವಳನ್ನು ಹಾಗೆ ನಾನು ನೋಡಿರಲಿಲ್ಲ.

"ಒಂದ ನಿಮಿಷ," ಎಂದ ಮಾಮ. "ಇಲ್ಲಿ ಸಣ್ಣ ಧೂಳು ಕುಂತೈತಿ."

ಬಗ್ಗಿ ನೋಡಿದೆ. ಆ ಜಾಗದಲ್ಲೇ ಸಾಸಿವೆಯಷ್ಟು ಕೆಂಪು. ಮಾಮ ಒದ್ದೆ ಬಟ್ಟೆಯಲ್ಲಿ ಒರೆಸಿದ. ಹೋಗಲಿಲ್ಲ. ಪಾಲಿಶ್ ಹಚ್ಚಿ ತಿಕ್ಕಿದ. ಸಾಸಿವೆ ಕಡಲೆಯಾಯಿತು. "ಹಬ್ಬದ ದಿನಾನೂ ಬಿಡಂಗಿಲ್ಲ ನೋಡು ಈ ಧೂಳು," ಎಂದು ಇನ್ನೂ ಜೋರಾಗಿ ತಿಕ್ಕಿದ. ಕಡಲೆ ಹೋಗಿ ರೂಪಾಯಿಯಷ್ಟಾಯಿತು. ಅವನ ತಪ್ಪೇನು ಹೇಳಿ? ಆ ಊರಿನಲ್ಲಿ ಆ ವರ್ಷಗಳಲ್ಲಿ ಕೆಂಪು ಕಂಡರೆ ಧೂಳು, ಧೂಳು ಕಂಡರೆ ಒರೆಸುವುದು. ಬೇರೆ ಕೆಂಪು ಇದೆಯೆಂದು ಯಾರಿಗೆ ನೆನಪಿತ್ತು?

ನಾನು ಬೆರಳಿಟ್ಟು ಮುಟ್ಟಿದೆ. ನುಣ್ಣಗಿತ್ತು. ಕಿಟಕಿಯ ಸರಳಿಗೆ ತುಕ್ಕು ಹಿಡಿಯದಿರಲಿ ಎಂದು ಮೊದಲು ಕೆಂಪು ಬಣ್ಣ ಬಳಿಯುತ್ತಾರಲ್ಲ, ಆ ಕೆಂಪು.

"ಮಾಮ, ಧೂಳಲ್ಲ ಇದು. ತಳದ ಬಣ್ಣ. ಕರಿ ಬಣ್ಣ ಮುಗದೈತಿ."

ಮಾಮನ ಕೈ ನಿಂತಿತು. ಬಟ್ಟೆಯನ್ನು ನೋಡಿದ, ಬಾಗಿಲನ್ನು ನೋಡಿದ, ಹಿಂದೆ ಭರಣಿ ಹಿಡಿದು ನಿಂತ ಅತ್ತೆಯನ್ನು ನೋಡಲಿಲ್ಲ. ಹಾಗೇ ನೆಲಕ್ಕೆ ಕೂತ. ಮಿಲ್ಲಿನಲ್ಲಿ ಪಾಲಿಶ್ ಹೆಚ್ಚಾದರೆ ಅಕ್ಕಿ ಮುರಿದು ನುಚ್ಚಾಗುತ್ತದೆ. ಆಳುಗಳಿಗೆ ಅದನ್ನು ಹೇಳಿ ಹೇಳಿ ಬೈಯುತ್ತಿದ್ದವನು ಅವನೇ.

"ನುಚ್ಚು ಮಾಡಿಬಿಟ್ಟೆ," ಎಂದ.

ಅತ್ತೆ ತಟ್ಟನೆ ತಿರುಗಿ ಒಳಗೆ ಹೋದಳು. ಹಂಪಿ ಹೋಯಿತು, ಹಬ್ಬವೂ ಹೋಯಿತು ಅಂದುಕೊಂಡೆ. ಎಂದೂ ಸಿಟ್ಟಾಗದವಳು ಇವತ್ತು ಸಿಟ್ಟಾದರೂ ಸರಿಯೇ ಅಂತಲೂ ಅನ್ನಿಸಿತು. ಇನ್ನೊಂದು ವರ್ಷ ಕಾಯಬೇಕೋ ಏನೋ. ಮಾಮನ ಮುಖ ನೋಡಲಾಗದೆ ನಾನು ರಸ್ತೆ ನೋಡುತ್ತ ನಿಂತೆ. ಎದುರಿನ ಲಾರಿಗೆ ಯಾರೋ ಬೂದುಗುಂಬಳಕಾಯಿ ಒಡೆಯುತ್ತಿದ್ದರು.

ಅತ್ತೆ ಹೊರಗೆ ಬಂದಳು. ಕೈಯಲ್ಲಿ ಕಾಡಿಗೆಯ ಡಬ್ಬಿ. ಹರಳೆಣ್ಣೆ ದೀಪದ ಮಸಿ ಹಿಡಿದು ಅವಳೇ ಮಾಡುವ ಕಾಡಿಗೆ, ಓಣಿಯ ಕೂಸುಗಳಿಗೆಲ್ಲ ಹೋಗುವುದು ಅದೇ. ಬೆರಳ ತುಂಬ ತೆಗೆದುಕೊಂಡು ಬಾಗಿಲ ಮುಂದೆ ಕುಕ್ಕುರುಗಾಲಲ್ಲಿ ಕೂತಳು.

"ಇಷ್ಟು ಚಂದ ಆದ ಮ್ಯಾಲೆ ಒಂದು ದೃಷ್ಟಿ ಬೊಟ್ಟು ಬ್ಯಾಡೇನ್ರಿ?" ಎಂದು ಆ ಕೆಂಪಿನ ಮೇಲೆ ದುಂಡಗೆ ಒತ್ತಿದಳು. "ಊರವರದೆಲ್ಲ ಕಣ್ಣು ಬಿದ್ದೈತಿ ಇದರ ಮ್ಯಾಲೆ. ನೀವು ಮರೆತಿದ್ರಿ, ನಾ ಇಟ್ಟೆ."

ಕೂಸಿನ ಕೆನ್ನೆಗೆ ದೃಷ್ಟಿ ಬೊಟ್ಟು ಇಡುವುದು ಚಂದದ ಮುಖಕ್ಕೊಂದು ಕಲೆಯಿರಲಿ ಎಂದು. ಈ ಬೊಟ್ಟು ಇಟ್ಟ ಕೂಡಲೇ ಕಲೆಯೇ ಕಾಣಿಸದಾಯಿತು. ಅತ್ತೆ ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡು, ಮಣೆ ಎಳೆದುಕೊಂಡು ಕೂತು, ಭರಣಿ ತೆರೆದಳು. ಆ ಕಾಡಿಗೆಯ ಜಾಗವನ್ನೇ ನೆಟ್ಟಗೆ ನೋಡುತ್ತ ಕುಂಕುಮ ಇಟ್ಟುಕೊಂಡಳು.

"ಕಾಣ್ತೈತೇನು?" ಎಂದು ಮಾಮ ಕೇಳಿದ.

"ಕಾಣ್ತೈತ್ರಿ."

ನಾನು ಅವಳ ಬೆನ್ನ ಹಿಂದೆಯೇ ಇದ್ದೆ. ಮೆತ್ತಿದ ಕಾಡಿಗೆಯಲ್ಲಿ ಮುಖ ಎಲ್ಲಿ ಕಾಣುತ್ತದೆ? ಒಲೆಯ ಮಸಿಯಂತೆ ಮಂಕಾಗಿತ್ತು ಅದು. ಆದರೆ ಕುಂಕುಮ ಹಣೆಯ ನಟ್ಟನಡುವೆ, ಒಂದು ಕೂದಲೆಳೆಯಷ್ಟೂ ಆಚೀಚೆಯಾಗದೆ ಕೂತಿತ್ತು. ಮಾಮನಿಗೂ ಗೊತ್ತಿತ್ತು. ಎದ್ದು ಬಾಗಿಲು ತೆಗೆದ. ಅತ್ತೆ ಹತ್ತಿ ಕೂತಳು, ಸೆರಗು ಸುತ್ತಿಕೊಂಡಳು. ಇಡೀ ಓಣಿ ನೋಡುತ್ತಿದ್ದಂತೆ ಆ ಎರಡು ಸೀಟಿನ ಕಾರು ಹಂಪಿಯ ಕಡೆ ಹೊರಟಿತು.

ಸಂಜೆ ಅವರು ಬಂದಾಗ ನಮಗೆ ಗುರುತೇ ಹತ್ತಲಿಲ್ಲ. ಪೂಜೆ ಮುಗಿಸಿದ ಲಾರಿಗಳು ಬಾಳೆಕಂದಿನ ಸಮೇತ ರಸ್ತೆಗೆ ಇಳಿದುಬಿಟ್ಟಿದ್ದವು. ಕಾರು ಕೆಂಪು, ಮಾಮ ಕೆಂಪು, ಅತ್ತೆಯ ಮಲ್ಲಿಗೆಯೂ ಕೆಂಪು. ಧೂಳು ಕೂತ ಕಾರನ್ನು ಮಾಮ ಒಂದು ಗಳಿಗೆಯೂ ಹಾಗೆ ಬಿಟ್ಟವನಲ್ಲ. ನಾನು ಬಕೆಟ್ ತುಂಬಿ ತಂದಿಟ್ಟೆ. ಅವನು ತಂಬಿಗೆಯಲ್ಲಿ ನೀರು ಮೊಗೆದು ಅತ್ತೆಯ ಕಾಲಿಗೆ ಹಾಕಿದ.

"ಕಾರಿಗೆ?" ಎಂದಳು ಅತ್ತೆ.

"ನಾಳೆ ನೋಡಿದ್ರಾತು. ಭಾಳ ನಡದೀದಿ, ಕಾಲು ತೊಳ್ಕೋ."

ಅವತ್ತು ಅಡುಗೆ ಮಾಡಿದ್ದು ನಾನು. ಅತ್ತೆ ನೆಂಟರ ಹಾಗೆ ಎಲೆಯ ಮುಂದೆ ಕೂತು, ನಾಚದೆ ಎರಡನೇ ಸಲ ಹೋಳಿಗೆ ಹಾಕಿಸಿಕೊಂಡಳು. ಊಟವಾದ ಮೇಲೂ ಮಾತು ನಿಲ್ಲಲಿಲ್ಲ. ಕೈ ಆಡಿಸುತ್ತ, ನಡುವೆ ನಗುತ್ತ, ಬಡವಿ ಲಿಂಗ ಎಷ್ಟು ಎತ್ತರ, ನೀರು ಎಲ್ಲೀತನಕ, ಸೂರಿಲ್ಲದ ಗುಡಿಯೊಳಗೆ ಬಿಸಿಲು ಹೇಗೆ ಬಿದ್ದಿತ್ತು ಎಂದು ಹೇಳುತ್ತಲೇ ಇದ್ದಳು. ಮಾಮ ಕಂಬಕ್ಕೊರಗಿ ಅವಳ ಮುಖವನ್ನೇ ನೋಡುತ್ತ ಕೂತಿದ್ದ. ಲೆಕ್ಕವಿಲ್ಲದಷ್ಟು ನೆಂಟರಿಗೆ ಹಂಪಿ ತೋರಿಸಿ ಬಂದ ಮನುಷ್ಯ! ನಾನು ಎಲೆ ಎತ್ತುವ ನೆಪದಲ್ಲಿ ಎದ್ದೆ. ಒಳಗೆ ಹೋಗುವಾಗ ಅವನ ಮಾತು ಕೇಳಿಸಿತು.

"ಹೌದಾ? ಲಿಂಗ ನೀರಾಗ ಐತಾ? ಮುಂದ ಹೇಳು."